ಪ್ಯಾರಿಸ್‌ನಲ್ಲಿ ಒಂದು ಏರ್‌ಪೋರ್ಟ್‌ನಿಂದ ಇನ್ನೊಂದಕ್ಕೆ: ಐದು ತಾಸು ಸಾಕಾ?

ಧಾರವಾಡದ ಮಾಸ್ತರ
ನಮಸ್ಕಾರ. ಮಗ ಲಿಸ್ಬನ್‌ನಲ್ಲಿದ್ದಾನೆ. ನಾನೂ ಮನೆಯವರೂ ಮುಂದಿನ ತಿಂಗಳು ಹೊರಟಿದ್ದೇವೆ. ಬೆಂಗಳೂರಿನಿಂದ ಹೋಗಿ ಪ್ಯಾರಿಸ್‌ನ ಚಾರ್ಲ್ಸ್ ದ ಗಾಲ್‌ನಲ್ಲಿ ಬೆಳಿಗ್ಗೆ 8:20ಕ್ಕೆ ಇಳಿಯುತ್ತೇವೆ. ಲಿಸ್ಬನ್ ವಿಮಾನ ಮಧ್ಯಾಹ್ನ 1:10ಕ್ಕೆ, ಆದರೆ ಅದು ಹೊರಡೋದು ಓರ್ಲಿ ಏರ್‌ಪೋರ್ಟ್‌ನಿಂದ. ಟಿಕೆಟ್ ಎರಡೂ ಬೇರೆ ಬೇರೆ. "ಒಂದೇ ಊರು ಸರ್, ಆರಾಮಾಗಿ ಹೋಗ್ತೀರಿ" ಅಂತ ಏಜೆಂಟ್ ಹೇಳಿದ. ಮ್ಯಾಪ್ ನೋಡಿದರೆ ಒಂದು ಊರಿನ ಮೇಲೆ, ಇನ್ನೊಂದು ಕೆಳಗೆ! ಪೋರ್ಚುಗಲ್ ವೀಸಾ ಆಗಿದೆ. ನಾಲ್ಕು ಬ್ಯಾಗು, ಒಂದರ ತುಂಬ ಬರೀ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಮನೆಯವರಿಗೆ ಮೊಣಕಾಲು ನೋವು ಬೇರೆ. ಎಷ್ಟು ಹೊತ್ತು ಬೇಕು?

ವಿದ್ಯಾನಗರ ಹುಬ್ಬಳ್ಳಿ
ನೇರ ಗೆರೆ ಎಳೆದರೆ 34 ಕಿ.ಮೀ., ರಸ್ತೆಯಲ್ಲಿ ಸುಮಾರು 45. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ವಾಪಸ್ ಬಂದಷ್ಟು. ಟ್ಯಾಕ್ಸಿಯಲ್ಲಿ ಒಂದು ತಾಸು. ಸುಮ್ನೆ ಟೆನ್ಶನ್ ಯಾಕೆ?

ರಾಣೆಬೆನ್ನೂರು ಹುಡುಗಿ
ನಾನು ಪ್ಯಾರಿಸ್‌ನಲ್ಲೇ ಇರೋದು. ಆ ಒಂದು ತಾಸು ರಸ್ತೆ ಖಾಲಿ ಇದ್ದಾಗಿನ ಲೆಕ್ಕ ಅಣ್ಣಾ. ಬೆಳಿಗ್ಗೆ ಆಫೀಸಿನ ಹೊತ್ತಿಗೆ ರಿಂಗ್ ರೋಡ್ ಹತ್ತಿದರೆ ದೇವರೇ ಗತಿ. ಏರ್‌ಪೋರ್ಟ್‌ನಿಂದ ಪ್ಯಾರಿಸ್ ಊರೊಳಗೆ ಟ್ಯಾಕ್ಸಿಗೆ ನಿಗದಿ ದರ ಇದೆ, ಈ ಎರಡು ಏರ್‌ಪೋರ್ಟ್ ನಡುವೆ ಮಾತ್ರ ಮೀಟರ್ ಓಡುತ್ತದೆ. ಇದನ್ನ ಯಾರೂ ಹೇಳಲ್ಲ.

ರೈಲೇ ವಾಸಿ. ಏರ್‌ಪೋರ್ಟ್‌ನಿಂದಲೇ ಆರ್‌ಇಆರ್ ಬಿ ಅನ್ನೋ ಲೋಕಲ್ ರೈಲು ಹತ್ತಿ ಶಾತ್ಲೆ ಲೆ ಆಲ್‌ನಲ್ಲಿ ಇಳಿಯಿರಿ. ಅಲ್ಲಿಂದ ಮೆಟ್ರೋ 14. ಜೂನ್ 2024ರಿಂದ ಅದು ಸೀದಾ ಓರ್ಲಿ ತನಕ ಹೋಗುತ್ತದೆ, ಓರ್ಲಿಯೇ ಕೊನೇ ಸ್ಟೇಷನ್. ಎಲ್ಲಾ ಸೇರಿ ಒಂದೂವರೆ ತಾಸು ಹಿಡಿಯಿರಿ.

ಆದರೆ ಕಾಕಾ, ನಿಮ್ಮ ಹೊತ್ತು ತಿನ್ನೋದು ದಾರಿಯಲ್ಲ, ಇಮಿಗ್ರೇಶನ್. ಶೆಂಗೆನ್‌ಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡೋ ಯುರೋಪಿನ ದೇಶಗಳ ಗುಂಪಿಗೆ, ನೀವು ಕಾಲಿಡೋದೇ ಇಲ್ಲಿ, ಹಾಗಾಗಿ ಆ ಕ್ಯೂ ಪ್ಯಾರಿಸ್‌ನಲ್ಲೇ. ಈಗ ಬೆರಳಚ್ಚು, ಫೋಟೋ ಬೇರೆ ತಗೊಳ್ಳುತ್ತಾರೆ. ಲಿಸ್ಬನ್‌ನಲ್ಲಿ ಮತ್ತೆ ಇರಲ್ಲ. ವೀಸಾ ಶುರುವಾಗೋ ತಾರೀಖು ಪ್ಯಾರಿಸ್‌ನಲ್ಲಿ ಇಳಿಯೋ ದಿನಕ್ಕೆ ಸರಿಯಾಗಿದೆಯಾ ನೋಡಿಕೊಳ್ಳಿ. ಆಮೇಲೆ ನಾಲ್ಕೂ ಬ್ಯಾಗ್ ಬೆಲ್ಟಿನಿಂದ ಎತ್ತಿಕೊಂಡು ಓರ್ಲಿಯಲ್ಲಿ ಮತ್ತೆ ಕೊಡಬೇಕು. ಅಲ್ಲಿ ಕೌಂಟರ್ ವಿಮಾನಕ್ಕಿಂತ ಎಷ್ಟೋ ಮೊದಲೇ ಮುಚ್ಚುತ್ತದೆ. ಟಿಕೆಟ್ ಬೇರೆ ಬೇರೆ ಅಂದಮೇಲೆ ಮೊದಲ ವಿಮಾನ ತಡವಾದರೆ ಎರಡನೆಯವರು ಕಾಯಲ್ಲ, ದುಡ್ಡೂ ಕೊಡಲ್ಲ. ಎಲ್ಲ ಸರಿ ಹೋದರೆ ಐದು ತಾಸಿನಲ್ಲಿ ಆಗುತ್ತದೆ. ನಮ್ಮ ಅಪ್ಪ ಅಮ್ಮನಿಗಾದರೆ ನಾನು ಸಂಜೆ ವಿಮಾನವೇ ಹಾಕುತ್ತಿದ್ದೆ.

ಧಾರವಾಡದ ಮಾಸ್ತರ
ಬಹಳ ಉಪಕಾರ ಆಯ್ತು ತಂಗಿ. ಟಿಕೆಟ್ ಬದಲಾಯಿಸೋಕೆ ಏಜೆಂಟ್ ಜಾಸ್ತಿ ದುಡ್ಡು ಕೇಳುತ್ತಿದ್ದಾನೆ, ಕೊಡುತ್ತೇನೆ. ವೀಲ್‌ಚೇರ್ ಹೇಳಿದರೆ ಓರ್ಲಿ ತನಕ ಬರುತ್ತಾರಾ?

ರಾಣೆಬೆನ್ನೂರು ಹುಡುಗಿ
ಇಲ್ಲ ಕಾಕಾ, ಏರ್‌ಪೋರ್ಟ್ ಒಳಗೆ ಮಾತ್ರ. ಎರಡೂ ಏರ್‌ಲೈನ್‌ಗೆ ಬೇರೆ ಬೇರೆಯಾಗಿ, 48 ತಾಸು ಮೊದಲೇ ಹೇಳಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮೆಟ್ರೋ 14ರ ಎಲ್ಲ ಸ್ಟೇಷನ್‌ನಲ್ಲೂ ಲಿಫ್ಟ್ ಇದೆ. ಆದರೂ ನಾಲ್ಕು ಬ್ಯಾಗ್ ಎಳೆಯೋದು ನೀವೊಬ್ಬರೇ ಅಲ್ವಾ? ಸಂಜೆ ವಿಮಾನ ಸಿಕ್ಕರೆ, ಬೆಳಗಿನ ಟ್ರಾಫಿಕ್ ಇಳಿದ ಮೇಲೆ ಟ್ಯಾಕ್ಸಿಯಲ್ಲೇ ಹೋಗಿ. ದೊಡ್ಡ ಗಾಡಿ ಕೇಳಿ.