ಪದಚರ್ಚೆ: ‘ಸಿಟೈಮ್’ ಎಂದರೆ ‘ಸೃಷ್ಟಿ ಸಮಯ’ವೇ? ಫೈಲಿನ ಟೈಮ್‌ಸ್ಟ್ಯಾಂಪ್‌ಗಳಿಗೆ ಕನ್ನಡ ಪದಗಳು

ಪ್ರಶ್ನೆ (ಹಾಸನದಿಂದ)

ಎಲ್ಲರಿಗೂ ನಮಸ್ಕಾರ.

ಇಲ್ಲಿನ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಪ್ರೋಗ್ರಾಮಿಂಗ್ ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇವೆ. ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿ ಬಂದ ಮಕ್ಕಳು ಹೆಚ್ಚು. ಫೈಲುಗಳ ಟೈಮ್‌ಸ್ಟ್ಯಾಂಪ್ (ಫೈಲನ್ನು ಯಾವಾಗ ಓದಲಾಯಿತು, ಬರೆಯಲಾಯಿತು ಎಂದು ವ್ಯವಸ್ಥೆ ಇಟ್ಟುಕೊಳ್ಳುವ ಸಮಯ) ಓದುವ, ಬದಲಿಸುವ ಅಧ್ಯಾಯದಲ್ಲಿ ಪದಗಳ ತೊಡಕಾಗಿದೆ. ಸದ್ಯದ ಕರಡಿನಲ್ಲಿ ಎಟೈಮ್‌ಗೆ ‘ಪ್ರವೇಶ ಸಮಯ’, ಎಂಟೈಮ್‌ಗೆ ‘ಮಾರ್ಪಾಟು ಸಮಯ’, ಸಿಟೈಮ್‌ಗೆ ‘ಸೃಷ್ಟಿ ಸಮಯ’, ಎಪಕ್‌ಗೆ (ಕಂಪ್ಯೂಟರು ಸಮಯ ಎಣಿಸತೊಡಗುವ ಗಳಿಗೆ) ‘ಯುಗ’ ಎಂದಿದೆ. ಒಟ್ಟಾರೆ ಟೈಮ್‌ಸ್ಟ್ಯಾಂಪಿಗೆ ‘ಕಾಲಮುದ್ರೆ’.

‘ಪ್ರವೇಶ’ ಎಂದ ಕೂಡಲೇ ಮಕ್ಕಳಿಗೆ ಕಾಲೇಜಿನ ಅಡ್ಮಿಶನ್ ನೆನಪಾಗುತ್ತದೆ. ‘ಸೃಷ್ಟಿ’ಯ ಬಗ್ಗೆ ಬೇರೆ ಅನುಮಾನ: ಪೈಥಾನ್ ಭಾಷೆಯಲ್ಲಿ ಸಿಟೈಮ್ ಓದುವ ಗೆಟ್‌ಸಿಟೈಮ್ ವಿಂಡೋಸಿನಲ್ಲಿ ಒಂದು ಸಮಯ ಕೊಡುತ್ತದೆ, ಲಿನಕ್ಸಿನಲ್ಲಿ ಇನ್ನೊಂದು. ಎರಡಕ್ಕೂ ಒಂದೇ ಪದ ಹೊಂದೀತೆ? ಫೈಲಿಗೆ ಬೇರೆ ತಾರೀಕು ಕೊಡುವುದಕ್ಕೂ ಒಂದು ಒಳ್ಳೆಯ ಕ್ರಿಯಾಪದ ಬೇಕು. ಉದಾಹರಣೆಗಳೆಲ್ಲ ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳ ಮಳೆ ಲೆಕ್ಕದ ಫೈಲುಗಳ ಮೇಲಿವೆ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಚಿಕ್ಕಮಗಳೂರಿನಿಂದ)

ನಮಸ್ಕಾರ ಮೇಡಂ.

ಮೊದಲು ‘ಸೃಷ್ಟಿ ಸಮಯ’ವನ್ನು ತೆಗೆದುಹಾಕಿ. ಉಳಿದ ಪದಗಳಲ್ಲಿ ಕಿವಿಗೆ ಯಾವುದು ಹಿತ ಎಂದು ಚರ್ಚಿಸಬಹುದು; ಇದು ಮಾತ್ರ ವಿಷಯವೇ ತಪ್ಪು. ಲಿನಕ್ಸ್ ಸೇರಿದ ಯುನಿಕ್ಸ್ ಪರಂಪರೆಯಲ್ಲಿ ಸಿಟೈಮ್‌ನ ‘ಸಿ’ ಚೇಂಜ್‌ನದು, ಕ್ರಿಯೇಷನ್‌ನದಲ್ಲ. ಫೈಲಿನ ಒಳಗಿನ ಬರಹ ಬದಲಾದರೂ ಅದು ಬದಲಾಗುತ್ತದೆ. ಬರಹ ಮುಟ್ಟದೆ ಫೈಲಿನ ಅನುಮತಿ, ಒಡೆಯ ಅಥವಾ ಹಾರ್ಡ್ ಲಿಂಕುಗಳ (ಅದೇ ಫೈಲಿಗಿರುವ ಬೇರೆ ಹೆಸರುಗಳ) ಸಂಖ್ಯೆ ಬದಲಿಸಿದರೂ ಬದಲಾಗುತ್ತದೆ. ಅಂದರೆ ಫೈಲಿನ ಬಗ್ಗೆ ವ್ಯವಸ್ಥೆ ಇಟ್ಟುಕೊಂಡಿರುವ ವಿವರಗಳಲ್ಲಿ ಏನಾದರೂ ಕೊನೆಯ ಬಾರಿ ಬದಲಾದ ಗಳಿಗೆ ಅದು.

ಲಿನಕ್ಸ್ ಯಂತ್ರದಲ್ಲಿ ಮಕ್ಕಳ ಕೈಲೇ ಇದನ್ನು ಮಾಡಿಸಿ (ಟಚ್ ಫೈಲಿನ ಸಮಯ ಬದಲಿಸುವ ಆದೇಶ, ಸ್ಟಾಟ್ ಅದನ್ನು ತೋರಿಸುವ ಆದೇಶ):

ಟಚ್ -ಡಿ "2019-06-01 08:30" ಮಳೆ.ಸಿಎಸ್‌ವಿ
ಸ್ಟಾಟ್ ಮಳೆ.ಸಿಎಸ್‌ವಿ

ಸ್ಟಾಟ್ ನಾಲ್ಕು ಸಾಲು ಸಮಯ ತೋರಿಸುತ್ತದೆ. ಆಕ್ಸೆಸ್, ಮಾಡಿಫೈ ಎಂಬ ಮೊದಲೆರಡು ಸಾಲುಗಳಲ್ಲಿ 2019ರ ಜೂನ್ 1, ಬೆಳಗಿನ 08:30:00, ಪಕ್ಕದಲ್ಲಿ +0530 ಇರುತ್ತದೆ. ಮೂರನೆಯ ಚೇಂಜ್ ಸಾಲಿನಲ್ಲಿ ಆದೇಶ ಕೊಟ್ಟ ಈ ಗಳಿಗೆಯೇ, ಸೆಕೆಂಡಿನ ಭಿನ್ನಾಂಶ ಸಮೇತ ಬಂದಿರುತ್ತದೆ. ಹಳೆಯ ತಾರೀಕು ಕೂರಿಸಿದ ಕೆಲಸವೇ ಒಂದು ಬದಲಾವಣೆಯಾದ್ದರಿಂದ ಅದು ಅಲ್ಲಿ ದಾಖಲಾಯಿತು. ನಾಲ್ಕನೆಯ ಬರ್ತ್ ಸಾಲಿನಲ್ಲಿ ಫೈಲು ನಿಜಕ್ಕೂ ಹುಟ್ಟಿದ ಸಮಯ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫೈಲ್‌ಸಿಸ್ಟಮ್ ಅದನ್ನು ಇಟ್ಟುಕೊಳ್ಳದಿದ್ದರೆ ಬರಿಯ ಅಡ್ಡಗೆರೆ. ಹಳೆಯ ಯಂತ್ರಗಳಲ್ಲಿ ಎಲ್ಲ ಫೈಲಿಗೂ ಅಡ್ಡಗೆರೆಯೇ ಬಂದರೆ ಗಾಬರಿ ಬೇಡ. ಹುಟ್ಟಿದ ಸಮಯ ಕೇಳುವ ಸ್ಟಾಟ್‌ಎಕ್ಸ್ ಕರೆ ಲಿನಕ್ಸಿನ ತಿರುಳಾದ ಕರ್ನೆಲ್ಲಿಗೆ ಬಂದದ್ದೇ 2017ರಲ್ಲಿ, 4.11ನೇ ಆವೃತ್ತಿಯಲ್ಲಿ. ಸ್ಟಾಟ್ ಆದೇಶ ಅದನ್ನು ಬಳಸತೊಡಗಿದ್ದು ಅದು ಸೇರಿರುವ ಕೋರ್‌ಯುಟಿಲ್ಸ್ ಕಟ್ಟಿನ 2019ರ 8.31ನೇ ಆವೃತ್ತಿಯಿಂದ.

ಸಿಟೈಮ್‌ಗೆ ಬೇಕಾದ ಬೆಲೆ ಕೂರಿಸುವ ಕರೆ ಯಾವ ಭಾಷೆಯಲ್ಲೂ ಇಲ್ಲ, ಏಕೆಂದರೆ ಕರ್ನೆಲ್ಲೇ ಅದನ್ನು ಕೊಟ್ಟಿಲ್ಲ. ಯಂತ್ರದ ಗಡಿಯಾರವನ್ನೇ ತಿರುಗಿಸಬೇಕು, ಇಲ್ಲವೇ ಡಿಸ್ಕಿನ ಮೇಲೆ ನೇರ ಬರೆಯಬೇಕು. ‘ಸೃಷ್ಟಿ’ ಎಂದು ಕಲಿತ ವಿದ್ಯಾರ್ಥಿ, ಅನುಮತಿ ಬದಲಿಸಿದ ಫೈಲು ಇವತ್ತೇ ಸೃಷ್ಟಿಯಾಯಿತೆಂದು ತಿಳಿದು ಹಳೆಯ ದಾಖಲೆಯನ್ನು ಹೊಸದೆಂದು ಲೆಕ್ಕ ಹಾಕುತ್ತಾನೆ. ನನ್ನ ಸಲಹೆ ‘ವಿವರ ಬದಲಾದ ಹೊತ್ತು’. ಉದ್ದವಾಯಿತು, ಆದರೆ ಸುಳ್ಳು ಹೇಳುವುದಿಲ್ಲ.

ನಿಮ್ಮ ಅನುಮಾನ ಸರಿ. ವಿಂಡೋಸಿನಲ್ಲಿ ಪೈಥಾನಿನ ಎಸ್‌ಟಿ_ಸಿಟೈಮ್ ಫೈಲು ಹುಟ್ಟಿದ ಸಮಯವನ್ನೇ ಕೊಡುತ್ತ ಬಂದಿದೆ. ಈ ಗೊಂದಲ ತೀರಿಸಲೆಂದೇ 3.12ನೇ ಆವೃತ್ತಿಯಲ್ಲಿ ವಿಂಡೋಸಿಗೂ ಎಸ್‌ಟಿ_ಬರ್ತ್‌ಟೈಮ್ ಕೊಟ್ಟು, ಹುಟ್ಟಿದ ಸಮಯಕ್ಕೆ ಸಿಟೈಮ್ ಬಳಸಬೇಡಿ ಎಂದಿದ್ದಾರೆ. ಕೈಪಿಡಿಯಲ್ಲೂ ಬರ್ತ್‌ಟೈಮ್‌ಗೆ ‘ಹುಟ್ಟಿದ ಹೊತ್ತು’ ಎಂದು ಬೇರೆಯೇ ಪದ ಕೊಡಿ. ಒಂದು ಎಚ್ಚರಿಕೆ ಸೇರಿಸಿ: ಹುಟ್ಟಿದ್ದು ಎಂದರೆ ಈ ಪ್ರತಿ ಈ ಡಿಸ್ಕಿನಲ್ಲಿ ಹುಟ್ಟಿದ್ದು, ಒಳಗಿನ ಬರಹ ಹುಟ್ಟಿದ್ದಲ್ಲ. ವಿಂಡೋಸಿನಲ್ಲಿ ಫೈಲನ್ನು ಕಾಪಿ ಮಾಡಿದರೆ ಬರೆದ ಸಮಯ ಹಳೆಯದೇ ಉಳಿಯುತ್ತದೆ, ಹುಟ್ಟಿದ ಸಮಯ ಹೊಸದಾಗುತ್ತದೆ. ಹಾಗಾಗಿ ಹುಟ್ಟುವ ಮೊದಲೇ ಬರೆದಂತೆ ಕಾಣುವ ಫೈಲುಗಳು ಧಾರಾಳವಾಗಿ ಸಿಗುತ್ತವೆ, ಅವುಗಳಲ್ಲಿ ದೋಷವೇನೂ ಇಲ್ಲ. ಉಲ್ಟಾ ಪ್ರಸಂಗವೂ ಉಂಟು: ಒಂದು ಫೈಲನ್ನು ಅಳಿಸಿ ಅದೇ ಹೆಸರಿನ ಹೊಸ ಫೈಲನ್ನು 15 ಸೆಕೆಂಡಿನೊಳಗೆ ಅದೇ ಫೋಲ್ಡರಿನಲ್ಲಿ ಮಾಡಿದರೆ, ವಿಂಡೋಸ್ ಅದಕ್ಕೆ ಹಳೆಯದರ ಹುಟ್ಟಿದ ಸಮಯವನ್ನೇ ಕೊಟ್ಟುಬಿಡುತ್ತದೆ.

‘ಮಾರ್ಪಾಟು’ ಕೂಡ ನನಗೆ ಒಪ್ಪಿಗೆಯಿಲ್ಲ. ಮಾರ್ಪಾಟು ಎಂದರೆ ಮೊದಲಿದ್ದುದಕ್ಕಿಂತ ಬೇರೆಯಾಯಿತು ಎಂಬ ಅರ್ಥ. ಒಂದಕ್ಷರವನ್ನೂ ತಿದ್ದದೆ ಮತ್ತೆ ಸೇವ್ ಮಾಡಿದರೂ ಎಂಟೈಮ್ ಬದಲಾಗುತ್ತದೆ. ವ್ಯವಸ್ಥೆ ಹೋಲಿಸಿ ನೋಡುವುದಿಲ್ಲ; ಬರಹ ನಡೆಯಿತೇ ಎಂಬುದಷ್ಟೇ ಅದರ ಲೆಕ್ಕ. ಸಿ-ಶಾರ್ಪ್ ಭಾಷೆಯಲ್ಲಿ ಇದರ ಹೆಸರೇ ಲಾಸ್ಟ್‌ರೈಟ್‌ಟೈಮ್. ‘ಕೊನೆಯ ಬಾರಿ ಬರೆದ ಹೊತ್ತು’, ಚಿಕ್ಕದಾಗಿ ‘ಬರೆದ ಹೊತ್ತು’ ಸಾಕು.

ಎಟೈಮ್ ‘ಓದಿದ ಹೊತ್ತು’. ಆದರೆ ಪ್ರತಿ ಓದಿಗೂ ಅದು ಬದಲಾಗುತ್ತದೆಂದು ಬರೆಯಬೇಡಿ. 2009ರ 2.6.30 ಕರ್ನೆಲ್ಲಿನಿಂದ ಲಿನಕ್ಸಿನ ಸಹಜ ನಡವಳಿಕೆ ರೆಲ್‌ಎಟೈಮ್: ಈಗಿರುವ ಓದಿದ ಸಮಯ ಬರೆದ ಸಮಯಕ್ಕಿಂತ ಅಥವಾ ವಿವರ ಬದಲಾದ ಸಮಯಕ್ಕಿಂತ ಹಳೆಯದಾಗಿದ್ದರೆ, ಇಲ್ಲವೇ 24 ಗಂಟೆ ದಾಟಿದ್ದರೆ ಮಾತ್ರ ಹೊಸದಾಗಿ ಬರೆಯುತ್ತದೆ. ಪ್ರತಿ ಓದಿಗೂ ಡಿಸ್ಕಿಗೆ ಬರೆಯುವ ದಂಡ ತಪ್ಪಿಸಲು ಈ ಏರ್ಪಾಡು. ಲ್ಯಾಬಿನಲ್ಲಿ ಎರಡನೇ ಸಲ ಓದಿದಾಗ ಸಮಯ ಕದಲದಿದ್ದರೆ ಪ್ರೋಗ್ರಾಂ ಕೆಟ್ಟಿದೆ ಎಂದು ಹುಡುಕುತ್ತ ಕೂರುತ್ತಾರೆ, ಈ ಸಾಲು ಪಾಠದಲ್ಲಿ ಇರಲೇಬೇಕು.

‘ಯುಗ’ಕ್ಕಿಂತ ಒಳ್ಳೆಯ ಪದ ನಿಮ್ಮ ಜಿಲ್ಲೆಯಲ್ಲೇ ಕಲ್ಲಿನ ಮೇಲಿದೆ. ಯುಗ ಒಂದು ಉದ್ದನೆಯ ಅವಧಿ. ಎಪಕ್ ಎಣಿಕೆ ಶುರುವಾಗುವ ಒಂದು ಗಳಿಗೆ. ಬೇಲೂರಿನ ಶಾಸನದ ಶಕವರ್ಷ 1039ಕ್ಕೆ 78 ಕೂಡಿಸಿ ಕ್ರಿ.ಶ. 1117 ಎನ್ನುತ್ತೇವಲ್ಲ, ಯುನಿಕ್ಸ್ ಮತ್ತು ವಿಂಡೋಸಿನ ಸಂಬಂಧವೂ ಅದೇ ಬಗೆಯದು. ಯುನಿಕ್ಸಿನ ಎಣಿಕೆ 1970ರ ಜನವರಿ 1ರಿಂದ, ಸೆಕೆಂಡುಗಳಲ್ಲಿ. ವಿಂಡೋಸಿನದು 1601ರ ಜನವರಿ 1ರಿಂದ, 100 ನ್ಯಾನೊಸೆಕೆಂಡಿನ ಚೂರುಗಳಲ್ಲಿ. ಎರಡರ ನಡುವಿನ ಅಂತರ 11,644,473,600 ಸೆಕೆಂಡು. ಆದ್ದರಿಂದ ‘ಶಕಾರಂಭ’ ಎನ್ನಬಹುದು. ಬಿಡಿಸಿ ಹೇಳುವುದಾದರೆ ‘ಎಣಿಕೆಯ ಆರಂಭ’. ಸಿ-ಶಾರ್ಪಿನಲ್ಲಿ ಇಲ್ಲದ ಫೈಲಿನ ಬರೆದ ಸಮಯ ಕೇಳಿದರೆ ದೋಷ ಬರುವುದಿಲ್ಲ, 1601ರ ಜನವರಿ 1, ಬೆಳಗಿನ 5:30 ಎಂಬ ಉತ್ತರ ಬರುತ್ತದೆ. ಎಣಿಕೆಯ ಆರಂಭಕ್ಕೆ ನಮ್ಮ ಐದೂವರೆ ಗಂಟೆ ಕೂಡಿದ್ದು ಅಷ್ಟೇ. ಫೈಲು ಇದೆಯೇ ಎಂದು ಮೊದಲು ಪರೀಕ್ಷಿಸಲು ಹೇಳಿಕೊಡಿ.

ಉತ್ತರ (ಹಾಸನದಿಂದ, ಇನ್ನೊಬ್ಬರು)

ಚಿಕ್ಕಮಗಳೂರಿನ ಸರ್ ಹೇಳಿದ ಅರ್ಥವಿಂಗಡಣೆ ಪೂರ್ತಿ ಒಪ್ಪಿಗೆ. ‘ಹೊತ್ತು’ ಮಾತ್ರ ಬೇಡ ಅನ್ನಿಸುತ್ತದೆ. ಹೊತ್ತು ಎಂದರೆ ನಮ್ಮಲ್ಲಿ ದಿನದೊಳಗಿನ ವೇಳೆ. ತಾರೀಕು ಅದರಲ್ಲಿ ಸೇರುವುದಿಲ್ಲ. ಓದಿದ ಸಮಯ, ಬರೆದ ಸಮಯ, ವಿವರ ಬದಲಾದ ಸಮಯ, ಹುಟ್ಟಿದ ಸಮಯ ಎಂದರೆ ಕೋಷ್ಟಕದಲ್ಲೂ ಸರಿಹೊಂದುತ್ತದೆ. ‘ಕಾಲಮುದ್ರೆ’ಗೂ ನನ್ನ ತಕರಾರಿದೆ. ಮುದ್ರೆ ಒತ್ತಿದ ಮೇಲೆ ಅಳಿಯಬಾರದು, ಇದು ಫೈಲಿನ ಒಡೆಯ ಬೇಕೆಂದಾಗ ಬದಲಿಸಬಹುದಾದ ಸಂಖ್ಯೆ. ಟೈಮ್‌ಸ್ಟ್ಯಾಂಪ್ ಎಂದೇ ಬಿಡಿ, ಮಕ್ಕಳಿಗೆ ಗೊತ್ತಿರುವ ಮಾತು.

ಕ್ರಿಯಾಪದದ ವಿಚಾರ. ‘ಹಿಂದಿನ ತಾರೀಕು ಹಾಕುವುದು’ ಎಂದರೆ ಕಚೇರಿಗಳಲ್ಲಿ ಮೋಸದ ವಾಸನೆ ಬರುತ್ತದೆ. ಬ್ಯಾಕಪ್ಪಿನಿಂದ ತಂದ ಫೈಲಿಗೆ ಮೂಲ ಸಮಯವನ್ನು ಮರಳಿ ಕೊಡುವುದು, ಫೋಟೊ ತೆಗೆದ ಸಮಯವನ್ನೇ ಫೈಲಿಗೂ ಕೊಡುವುದು ಪ್ರಾಮಾಣಿಕ ಕೆಲಸಗಳು. ‘ಸಮಯ ಹೊಂದಿಸು’ ಸರಿಯಾದೀತು. ಮುಂದಿನ ತಾರೀಕಿಗೂ ಅದೇ ನಡೆಯುತ್ತದೆ. ಅಂದ ಹಾಗೆ ಮುಂದಿನ ತಾರೀಕು ಹೊಂದಿಸಿದ ಮೂಲ ಫೈಲನ್ನು ಕಂಡರೆ, ಬದಲಾದ ಫೈಲುಗಳನ್ನಷ್ಟೇ ಮತ್ತೆ ಕಂಪೈಲ್ ಮಾಡಿಸುವ ಮೇಕ್ ಎಚ್ಚರಿಕೆ ಕೊಡುತ್ತದೆ, ಆ ತಾರೀಕು ಬರುವವರೆಗೆ ಅದನ್ನು ಪ್ರತಿ ಸಲವೂ ಹೊಸದೆಂದು ಮತ್ತೆ ಕಂಪೈಲ್ ಮಾಡಿಸುತ್ತದೆ.

ಪದ ಖಚಿತವಾಗಿರಬೇಕಾದ ಇನ್ನೊಂದು ಕಾರಣ, ಹೊಂದಿಸುವ ಫಂಕ್ಷನ್ನುಗಳಿಗೆ ಕೊಡುವ ಬೆಲೆಗಳ ಕ್ರಮ. ಪೈಥಾನ್, ಪರ್ಲ್, ರೂಬಿಗಳ ಯುಟೈಮ್, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಯುಟೈಮ್ಸ್, ಗೋ ಭಾಷೆಯ ಸಿಎಚ್‌ಟೈಮ್ಸ್, ಇವೆಲ್ಲದರಲ್ಲಿ ಓದಿದ ಸಮಯ ಮೊದಲು, ಬರೆದ ಸಮಯ ಆಮೇಲೆ. ಪಿಎಚ್‌ಪಿಯ ಟಚ್‌ನಲ್ಲಿ ಬರೆದ ಸಮಯ ಮೊದಲು. ಜಾವಾದ ಸೆಟ್‌ಟೈಮ್ಸ್‌ನಲ್ಲೂ ಬರೆದದ್ದು, ಓದಿದ್ದು, ಹುಟ್ಟಿದ್ದು ಎಂಬ ಕ್ರಮ. ಅದರಲ್ಲಿ ಬದಲಿಸಬೇಕಿಲ್ಲದ ಕಡೆ ನಲ್ (ಖಾಲಿ ಬೆಲೆ) ಕೊಟ್ಟರೆ ಇದ್ದದ್ದು ಹಾಗೇ ಉಳಿಯುತ್ತದೆ. ಕ್ರಮ ತಪ್ಪಿದರೆ ಯಾವ ದೋಷಸಂದೇಶವೂ ಬರುವುದಿಲ್ಲ, ಸಮಯಗಳು ಅದಲುಬದಲಾಗಿ ಕೂರುತ್ತವೆ.

ಘಟಕದ ತಪ್ಪು ಇನ್ನೂ ಕೆಟ್ಟದ್ದು. ನೋಡ್‌ನಲ್ಲಿ ಡೇಟ್.ನೌ ಕೊಡುವುದು ಮಿಲಿಸೆಕೆಂಡು, ಯುಟೈಮ್ಸ್ ಕೇಳುವುದು ಸೆಕೆಂಡು. ಸಾವಿರದಿಂದ ಭಾಗಿಸದೆ ಕೊಟ್ಟರೆ ಐವತ್ತು ಸಾವಿರ ವರ್ಷಕ್ಕೂ ಆಚಿನ ತಾರೀಕು ಕೇಳಿದಂತೆ. ಡೇಟ್ ವಸ್ತುವನ್ನೇ ಕೊಡುವುದು ಕ್ಷೇಮ. ಪರ್ಲ್‌ನ -ಎಂ ಪರೀಕ್ಷೆ ಕೊಡುವುದು ತಾರೀಕನ್ನೇ ಅಲ್ಲ, ಪ್ರೋಗ್ರಾಂ ಶುರುವಾದ ಗಳಿಗೆಗೆ ಫೈಲು ಎಷ್ಟು ದಿನ ಹಳೆಯದು ಎಂಬ ಭಿನ್ನಾಂಶವನ್ನು. ಅದಕ್ಕೆ ಕನ್ನಡದಲ್ಲಿ ‘ಫೈಲಿನ ವಯಸ್ಸು’ ಎನ್ನಿ. ಪೈಥಾನಿನಲ್ಲಿ ಒಂದರ ಸಮಯವನ್ನು ಇನ್ನೊಂದಕ್ಕೆ ಹೊಂದಿಸುವಾಗ ಎಸ್‌ಟಿ_ಎಂಟೈಮ್ ಬೇಡ, ಎಸ್‌ಟಿ_ಎಂಟೈಮ್_ಎನ್‌ಎಸ್ ಬಳಸಿ. ಮೊದಲನೆಯದು ದಶಮಾಂಶ ಸಂಖ್ಯೆ. ಇವತ್ತಿನ ತಾರೀಕುಗಳ ಗಾತ್ರದಲ್ಲಿ ಅದರ ಎರಡು ಅಕ್ಕಪಕ್ಕದ ಬೆಲೆಗಳ ನಡುವೆ ಸುಮಾರು 238 ನ್ಯಾನೊಸೆಕೆಂಡು ಅಂತರ ಇರುವುದರಿಂದ ಕೊನೆಯ ಅಂಕಿಗಳು ಕಳೆದುಹೋಗುತ್ತವೆ, ಎರಡೂ ಸಮ ಎಂದು ಪರೀಕ್ಷಿಸಿದರೆ ಸಮ ಬರುವುದಿಲ್ಲ.

ಪಿಎಚ್‌ಪಿಯಲ್ಲಿ ಒಂದೇ ಓಟದಲ್ಲಿ ಎರಡು ಸಲ ಫೈಲ್‌ಎಂಟೈಮ್ ಕೇಳಿದರೆ ಎರಡನೆಯದು ನೆನಪಿನಿಂದ ಬಂದಿರಬಹುದು. ನಡುವೆ ಕ್ಲಿಯರ್‌ಸ್ಟಾಟ್‌ಕ್ಯಾಶ್ ಕರೆಯಬೇಕು. ಜಾವಾದ ಹಳೆಯ ಸೆಟ್‌ಲಾಸ್ಟ್‌ಮಾಡಿಫೈಡ್ ವಿಫಲವಾದರೆ ಸುಮ್ಮನೆ ಫಾಲ್ಸ್ ಕೊಟ್ಟು ಸುಮ್ಮನಾಗುತ್ತದೆ. ಜಾವಾ 7ರಿಂದ ಬಂದ ಫೈಲ್ಸ್ ವರ್ಗದ ಮೂಲಕ ಮಾಡಿದರೆ ಕಾರಣ ಸಮೇತ ದೋಷ ಸಿಗುತ್ತದೆ, ಕಲಿಸುವುದಾದರೆ ಅದನ್ನೇ ಕಲಿಸಿ. ಅನುಮತಿಯ ನಿಯಮವೂ ಒಂದು ಸಾಲು ಇರಲಿ: ಈಗಿನ ಸಮಯ ಹೊಂದಿಸಲು ಬರೆಯುವ ಅನುಮತಿ ಸಾಕು, ಬೇರೆ ಯಾವುದೇ ಸಮಯ ಹೊಂದಿಸಲು ಫೈಲಿನ ಒಡೆಯನೇ ಆಗಿರಬೇಕು ಅಥವಾ ರೂಟ್ (ಯಂತ್ರದ ಮೇಲ್ವಿಚಾರಕ) ಆಗಿರಬೇಕು.

ಮರುಪ್ರಶ್ನೆ (ಮೊದಲು ಕೇಳಿದವರಿಂದ)

ಇಬ್ಬರಿಗೂ ಧನ್ಯವಾದ. ‘ಸಮಯ’ವನ್ನೇ ಇಟ್ಟುಕೊಳ್ಳುತ್ತೇವೆ. ಎರಡು ಮಾತು ಉಳಿದಿವೆ. ಮಳೆ ಫೈಲಿನ ಬರೆದ ಸಮಯವನ್ನು ‘ಮಳೆ ಅಳೆದ ಸಮಯ’ ಎಂದು ಕರಡಿನಲ್ಲಿ ಕರೆದಿದ್ದೇವೆ, ಸರಿಯೇ? ಫೋಲ್ಡರಿಗೂ ‘ಬರೆದ ಸಮಯ’ ಎನ್ನಬಹುದೇ?

ಉತ್ತರ (ಚಿಕ್ಕಮಗಳೂರಿನಿಂದ)

‘ಮಳೆ ಅಳೆದ ಸಮಯ’ ಖಂಡಿತ ಬೇಡ ಮೇಡಂ. ಮಳೆಮಾಪಕ ನೋಡುವುದು ಬೆಳಗ್ಗೆ ಎಂಟೂವರೆಗೆ. ಬರೆದಿಟ್ಟ ಮಳೆಯ ಇಂಚು-ಸೆಂಟು (ಸೆಂಟು ಎಂದರೆ ಇಂಚಿನ ನೂರನೇ ಭಾಗ) ಕಂಪ್ಯೂಟರಿಗೆ ಸೇರುವುದು ಮಧ್ಯಾಹ್ನವಾದರೂ ಆದೀತು, ಕರೆಂಟು ಹೋದರೆ ಮೂರು ದಿನ ಬಿಟ್ಟೂ ಆದೀತು. ಅಳೆದ ತಾರೀಕು, ವೇಳೆ ಎರಡೂ ಫೈಲಿನೊಳಗೆ ಕಾಲಂ ಆಗಿ ಇರಬೇಕು. ಫೈಲುಗಳ ಆವೃತ್ತಿಗಳನ್ನು ಇಟ್ಟುಕೊಳ್ಳುವ ಗಿಟ್ ಅಂತೂ ಬರೆದ ಸಮಯವನ್ನು ಇಟ್ಟುಕೊಳ್ಳುವುದೇ ಇಲ್ಲ. ಇನ್ನೊಂದು ಯಂತ್ರಕ್ಕೆ ಕ್ಲೋನ್ ಮಾಡಿದಾಗ ಎಲ್ಲ ಫೈಲಿಗೂ ಕ್ಲೋನ್ ಮಾಡಿದ ಸಮಯವೇ ಬರುತ್ತದೆ. ಪೆನ್‌ಡ್ರೈವಿನ ಫ್ಯಾಟ್ ಫೈಲ್‌ಸಿಸ್ಟಮ್ ಬರೆದ ಸಮಯವನ್ನು ಎರಡೆರಡು ಸೆಕೆಂಡಿನ ಹೆಜ್ಜೆಯಲ್ಲಿ ಇಡುತ್ತದೆ, ಬೆಸ ಸೆಕೆಂಡು ಉಳಿಯುವುದಿಲ್ಲ. ಅದರಲ್ಲಿ ಓದಿದ ಸಮಯ ಬರಿಯ ತಾರೀಕು. ಪೆನ್‌ಡ್ರೈವಿಗೆ ಆರ್‌ಸಿಂಕ್ (ಬದಲಾದ ಫೈಲುಗಳನ್ನಷ್ಟೇ ಕಾಪಿ ಮಾಡುವ ಆದೇಶ) ಮಾಡುವಾಗ ಪ್ರತಿ ಸಲ ಎಲ್ಲ ಫೈಲೂ ಮತ್ತೆ ಕಾಪಿಯಾಗುತ್ತಿದ್ದರೆ ಕಾರಣ ಇದೇ. ಮಾಡಿಫೈ-ವಿಂಡೋ ಆಯ್ಕೆಗೆ 1 ಕೊಟ್ಟರೆ ನಿಲ್ಲುತ್ತದೆ.

ಇದರ ಜೊತೆಗೆ ಕಾಲವಲಯ ಸೇರುತ್ತದೆ. ನಮ್ಮ ಎಂಟೂವರೆ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) 03:00, ತಾರೀಕು ಅದೇ. ಆದರೆ ಬೆಳಗಿನ 5:30ರ ಒಳಗೆ ಉಳಿಸಿದ ಫೈಲಿಗೆ ಯುಟಿಸಿ ಲೆಕ್ಕದಲ್ಲಿ ಹಿಂದಿನ ದಿನದ ತಾರೀಕು ಬರುತ್ತದೆ. ಯುಟಿಸಿಯಲ್ಲಿ ಓಡುವ ಸರ್ವರಿನಲ್ಲಿ, ಸೆಕೆಂಡುಗಳನ್ನು ತಾರೀಕಾಗಿಸುವ ಪೈಥಾನಿನ ಫ್ರಮ್‌ಟೈಮ್‌ಸ್ಟ್ಯಾಂಪ್‌ಗೆ ವಲಯ ಹೇಳದಿದ್ದರೆ ಜೂನ್ 1ರ ಫೈಲು ಮೇ ತಿಂಗಳ ಮೊತ್ತಕ್ಕೆ ಸೇರಿಹೋಗುತ್ತದೆ. ಪೈಥಾನ್ 3.9ರಿಂದ ಇರುವ ಜೋನ್‌ಇನ್ಫೋದಲ್ಲಿ ಏಷ್ಯಾ/ಕೋಲ್ಕತಾ ಎಂದು ಕೊಡಿ. ವಿಂಡೋಸಿನಲ್ಲಿ ಕಾಲವಲಯಗಳ ಮಾಹಿತಿ ಇರುವ ಟಿಜೆಡ್‌ಡೇಟಾ ಪ್ಯಾಕೇಜನ್ನೂ ಹಾಕಿಕೊಳ್ಳಬೇಕು.

ಫೋಲ್ಡರಿಗೆ ‘ಬರೆದ ಸಮಯ’ ಎಂದರೆ ಒಳಗಿನ ಫೈಲು ತಿದ್ದಿದಾಗಲೂ ಬದಲಾಗುತ್ತದೆಂದು ಓದುಗರು ತಿಳಿಯುತ್ತಾರೆ. ಹಾಗಾಗುವುದಿಲ್ಲ. ಫೋಲ್ಡರಿನೊಳಗೆ ಒಂದು ಹೆಸರು ಸೇರಿದಾಗ, ಅಳಿದಾಗ ಅಥವಾ ಬದಲಾದಾಗ ಮಾತ್ರ ಅದರ ಎಂಟೈಮ್ ಬದಲಾಗುತ್ತದೆ. ಅದಕ್ಕೆ ‘ಪಟ್ಟಿ ಬದಲಾದ ಸಮಯ’ ಎಂದು ಬರೆಯಿರಿ. ಇಲ್ಲೊಂದು ತಮಾಷೆಯಂತೆ ಕಾಣುವ ನಿಜವಿದೆ: ಎಷ್ಟೋ ಎಡಿಟರುಗಳು ಉಳಿಸುವಾಗ ಹೊಸ ಹೆಸರಿನಲ್ಲಿ ಬರೆದು ಆಮೇಲೆ ಹಳೆಯ ಹೆಸರಿಗೆ ಬದಲಿಸುತ್ತವೆ. ಅಂಥ ಎಡಿಟರಿನಲ್ಲಿ ಪರೀಕ್ಷೆ ಮಾಡಿದರೆ ಫೋಲ್ಡರಿನ ಸಮಯವೂ ಬದಲಾಗಿ, ಪಾಠವೇ ತಪ್ಪು ಅನ್ನಿಸುತ್ತದೆ. ಲ್ಯಾಬಿನಲ್ಲಿ ಎಕೋ ಆದೇಶದಿಂದ ಫೈಲಿನ ಕೊನೆಗೆ ಒಂದು ಸಾಲು ಸೇರಿಸಿ ತೋರಿಸಿ: ಫೈಲಿನ ಬರೆದ ಸಮಯ ಬದಲಾಗುತ್ತದೆ, ಫೋಲ್ಡರಿನದು ಇದ್ದಲ್ಲೇ ಇರುತ್ತದೆ.