ಪದಚರ್ಚೆ: ಟೈಟಾನಿಕ್ ಬರಹಕ್ಕೆ 'ದರ್ಜೆ'ಯೋ 'ವರ್ಗ'ವೋ?

ಎಲ್ಲರಿಗೂ ನಮಸ್ಕಾರ,

ಮಕ್ಕಳಿಗಾಗಿ ಟೈಟಾನಿಕ್ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಅದರಲ್ಲಿ 'ಮೂರನೇ ದರ್ಜೆ ಪ್ರಯಾಣಿಕರು' ಎಂದಿತ್ತು. ಏಳನೇ ಕ್ಲಾಸಿನ ನನ್ನ ಮಗಳು ಓದಿ, "ಅವರು ಅಷ್ಟು ಕೆಟ್ಟವರಾ?" ಎಂದು ಕೇಳಿದಳು. ಅವಳ ತಪ್ಪಲ್ಲ. ನಮ್ಮ ರೈಲುಗಳಲ್ಲಿ ಮೂರನೇ ದರ್ಜೆ 1974ರಲ್ಲೇ ಹೋಯಿತು. ಈಗಿನ ಮಕ್ಕಳು 'ಥರ್ಡ್ ಕ್ಲಾಸ್' ಅನ್ನೋದನ್ನು ಬೈಗುಳವಾಗಿ ಮಾತ್ರ ಕೇಳಿರುತ್ತಾರೆ.

'ವರ್ಗ' ಅಂದರೆ? ಮಧ್ಯಮ ವರ್ಗ, ದುಡಿಯುವ ವರ್ಗ ಅನ್ನುತ್ತೇವೆ. ಅದು ಬಾಳಿನ ಮಾತು, ದರ್ಜೆ ಟಿಕೆಟ್ಟಿನ ಮಾತು. ಆದರೆ 1912ರ ಏಪ್ರಿಲ್ 15ರಂದು, ನಡುರಾತ್ರಿ ದಾಟಿದ ಮೇಲೆ ಹಡಗು ಮುಳುಗುವಾಗ, ಎರಡೂ ಒಂದೇ ಆಗಿಬಿಟ್ಟವು. ಆ ದುರಂತದ ಬಗ್ಗೆ ನಡೆದ ಬ್ರಿಟಿಷ್ ವಿಚಾರಣೆಯ ಲೆಕ್ಕದಂತೆ ಮೊದಲನೇ ದರ್ಜೆಯ 144 ಹೆಂಗಸರಲ್ಲಿ 140 ಮಂದಿ ಉಳಿದರು. ಮೂರನೇ ದರ್ಜೆಯಲ್ಲಿ 165ಕ್ಕೆ 76. ಅಲ್ಲಿನ 79 ಮಕ್ಕಳಲ್ಲಿ ಉಳಿದದ್ದು 27. ಈ ಸಾಲು ಬರೆಯುವಾಗ ತುಂಬ ಸಂಕಟವಾಯಿತು. ಗಂಡಸರಲ್ಲಿ ಮಾತ್ರ ಸತ್ತವರ ಪ್ರಮಾಣ ಎರಡನೇ ದರ್ಜೆಯಲ್ಲೇ ಜಾಸ್ತಿ. 168 ಜನರಲ್ಲಿ 14 ಮಂದಿಯಷ್ಟೇ ಬದುಕಿದರು.

ದರ್ಜೆಯ ಬೇರು ಹುಡುಕಿದೆ. ಅರಬ್ಬಿಯ 'ದರಜ'ದಿಂದ ಬಂದ ಪದ, ಅಲ್ಲಿ ಮೆಟ್ಟಿಲು ಎಂಬ ಅರ್ಥವೂ ಇದೆ. ಆ ಹಡಗಿಗೆ ಇದು ಎಷ್ಟು ಹೊಂದುತ್ತದೆ ನೋಡಿ. ಜೀವರಕ್ಷಕ ದೋಣಿಗಳಿದ್ದದ್ದು ತೀರಾ ಮೇಲಿನ ಡೆಕ್ಕಿನಲ್ಲಿ. ಮೂರನೇ ದರ್ಜೆಯವರ ಕೋಣೆಗಳು ಕೆಳಗೆ, ಹಡಗಿನ ಮುಂತುದಿಯಲ್ಲಿ ಮತ್ತು ಹಿಂತುದಿಯಲ್ಲಿ. ಅಮೆರಿಕದ ವಲಸೆ ಕಾನೂನಿನ ಕಾರಣಕ್ಕೆ ಅವರನ್ನು ಬೇರೆಯಾಗಿಡಲು ನಡುವೆ ತಡೆಗಳೂ ಇದ್ದವು. ದಾರಿ ಗೊತ್ತಿಲ್ಲದವರು ಮೆಟ್ಟಿಲು ಹುಡುಕಿಕೊಂಡು ಅಲೆಯಬೇಕಾಯಿತು. ಜಾನ್ ಹಾರ್ಟ್ ಎಂಬ ಸ್ಟುವರ್ಡ್ (ಪ್ರಯಾಣಿಕರನ್ನು ನೋಡಿಕೊಳ್ಳುವ ಹಡಗಿನ ಕೆಲಸಗಾರ) ಹೆಂಗಸರು ಮಕ್ಕಳನ್ನು ಎರಡು ಗುಂಪಾಗಿ ದೋಣಿಗಳ ತನಕ ಕರೆತಂದ. ಮುಂದೆ ಬ್ರಿಟಿಷ್ ವಿಚಾರಣೆಯಲ್ಲಿ ಮೂರನೇ ದರ್ಜೆಯ ಒಬ್ಬ ಪ್ರಯಾಣಿಕರನ್ನೂ ಸಾಕ್ಷಿಗೆ ಕರೆಯಲಿಲ್ಲ.

ಹಾಗಾಗಿ ದರ್ಜೆಯನ್ನೇ ಉಳಿಸಿಕೊಳ್ಳುವ ಮನಸ್ಸು. ಆದರೆ 'ಮೂರನೇ ದರ್ಜೆ ಪ್ರಯಾಣಿಕರು' ಬೇಡ, 'ಮೂರನೇ ದರ್ಜೆಯಲ್ಲಿ ಹೊರಟವರು' ಎಂದು ಬರೆದರೆ ದರ್ಜೆ ಟಿಕೆಟ್ಟಿಗೆ ಅಂಟುತ್ತದೆ, ಮನುಷ್ಯರಿಗಲ್ಲ, ಅಲ್ವಾ? ಪ್ರತಿ ಸಲ ಹೀಗೆ ಬರೆದರೆ ಉದ್ದವಾಗುತ್ತದೆ ಅನ್ನೋದೂ ನಿಜ. ಇದಕ್ಕಿಂತ ಚಿಕ್ಕ ರೂಪ ನಿಮಗೆ ಹೊಳೆಯುತ್ತದೆಯೇ?

ಇನ್ನೊಂದು ಪದ, 'ಸ್ಟೀರೇಜ್'. ಚುಕ್ಕಾಣಿಯ ಹತ್ತಿರ, ಅಟ್ಟಣೆಯ ಕೆಳಗೆ, ಬಡ ಪ್ರಯಾಣಿಕರನ್ನು ಒತ್ತೊತ್ತಾಗಿ ತುಂಬುತ್ತಿದ್ದ ಜಾಗಕ್ಕೆ ಹಳೆಯ ಹೆಸರು. ಕರಾವಳಿಯವರು ದೋಣಿಯ ಆ ಭಾಗಕ್ಕೆ ಏನನ್ನುತ್ತೀರಿ? ಮನೆಯಲ್ಲಿ ಹಿರಿಯರು ಆಡುವ ಪದವಿದ್ದರೆ ಅದನ್ನೇ ಬರೆಯಿರಿ.