ಅಪ್‌ಡೇಟ್: ಓಪನ್‌ಬಾಕ್ಸ್‌ನಲ್ಲಿ ಎಕ್ಸ್‌ಎಫ್‌ಸಿಇ ಸೇವೆಗಳು ಈಗ ಓಡುತ್ತಿವೆ

ಲಿನಕ್ಸ್‌ನಲ್ಲಿ ಎಕ್ಸ್‌ಎಫ್‌ಸಿಇ ಅನ್ನೋ ಪೂರ್ತಿ ಡೆಸ್ಕ್‌ಟಾಪ್ ಬಿಟ್ಟು, ಕಿಟಕಿಗಳನ್ನಷ್ಟೇ ನೋಡಿಕೊಳ್ಳುವ ವಿಂಡೋ ಮ್ಯಾನೇಜರ್ ಓಪನ್‌ಬಾಕ್ಸ್‌ಗೆ ಬಂದ ಮೇಲೆ ಜಿಟಿಕೆ (ಆ್ಯಪ್‌ಗಳ ಬಟನ್, ಮೆನು ಬಿಡಿಸುವ ಟೂಲ್‌ಕಿಟ್) ಥೀಮ್, ಫಾಂಟ್ ಎಲ್ಲ ಹಳೇ ಕಾಲದ್ದಾಗಿ ಕಾಣುತ್ತಿವೆ, ಫೈಲ್ ಮ್ಯಾನೇಜರ್‌ನಲ್ಲಿ ಇನ್ನೊಂದು ಪಾರ್ಟಿಷನ್ ಕ್ಲಿಕ್ ಮಾಡಿದರೆ ಪಾಸ್‌ವರ್ಡ್ ಕೇಳದೆ ನೇರವಾಗಿ ಅನುಮತಿ ಇಲ್ಲ ಅನ್ನುತ್ತೆ ಅಂತ ಕೇಳಿದ್ದೆ. ಎರಡೂ ಬಗೆಹರಿದವು. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಥೀಮ್, ಫಾಂಟ್, ಕರ್ಸರ್ ವಿವರಗಳನ್ನು ಆ್ಯಪ್‌ಗಳಿಗೆ ತಲುಪಿಸೋದು ಎಕ್ಸ್‌ಎಫ್‌ಸಿಇಯ ಹಿನ್ನೆಲೆ ಸೇವೆ ಎಕ್ಸ್‌ಎಫ್‌ಸೆಟ್ಟಿಂಗ್ಸ್‌ಡಿ. ಲಾಗಿನ್ ಆದಾಗ ಅದನ್ನು ತಾನಾಗಿ ಶುರುಮಾಡುವ ಆಟೋಸ್ಟಾರ್ಟ್ ಫೈಲ್ ತೆರೆದು ನೋಡಿದರೆ 'ಓನ್ಲಿ ಶೋ ಇನ್' ಸಾಲಿನಲ್ಲಿ ಎಕ್ಸ್‌ಎಫ್‌ಸಿಇ ಹೆಸರು ಮಾತ್ರ ಇದೆ, ಹಾಗಾಗಿ ಓಪನ್‌ಬಾಕ್ಸ್‌ನಲ್ಲಿ ತಾನಾಗಿ ಏಳಲ್ಲ. ಓಪನ್‌ಬಾಕ್ಸ್‌ನ ಆಟೋಸ್ಟಾರ್ಟ್ ಸ್ಕ್ರಿಪ್ಟ್‌ಗೆ ಅದರ ಹೆಸರು ಸೇರಿಸಿದೆ, ಸಾಕಾಯ್ತು.

ಪಾಸ್‌ವರ್ಡ್ ಕೇಳುವ ಕಿಟಕಿ ಬೇರೆ ವಿಷಯ. ಯಾರಿಗೆ ಯಾವ ಅನುಮತಿ ಅಂತ ನಿರ್ಧರಿಸುವ ಪೋಲ್‌ಕಿಟ್ ಸೇವೆ ಹಿಂದೆ ಓಡುತ್ತಲೇ ಇರುತ್ತೆ, ಆದರೆ ಕಿಟಕಿ ತೋರಿಸೋಕೆ ನಮ್ಮ ಸೆಷನ್‌ನಲ್ಲೊಂದು ಏಜೆಂಟ್ ಇರಲೇಬೇಕು. ಅಂಥ ಏಜೆಂಟ್ ಆಗಿ ನಾನು ಅದೇ ಸ್ಕ್ರಿಪ್ಟ್‌ಗೆ ಹಾಕಿದ್ದು ಎಲ್‌ಎಕ್ಸ್‌ಪೋಲ್‌ಕಿಟ್. ಇದು ತಾನಾಗಿ ಹಿನ್ನೆಲೆಗೆ ಹೋಗಲ್ಲ, ಸಾಲಿನ ಕೊನೆಗೆ ಆಂಪರ್‌ಸ್ಯಾಂಡ್ (&) ಹಾಕದಿದ್ದರೆ ಅದರ ಕೆಳಗಿನ ಸಾಲುಗಳು ಕಾಯುತ್ತಾ ನಿಂತುಬಿಡುತ್ತವೆ.

ಒಂದು ಎಚ್ಚರಿಕೆ: ಥೀಮ್ ವಿವರ ಹಂಚುವ ಎಕ್ಸ್‌ಸೆಟ್ಟಿಂಗ್ಸ್ ಮ್ಯಾನೇಜರ್ (ಇಲ್ಲಿ ಎಕ್ಸ್‌ಎಫ್‌ಸೆಟ್ಟಿಂಗ್ಸ್‌ಡಿ) ಒಂದು ಸ್ಕ್ರೀನ್‌ಗೆ ಒಂದೇ. ಗ್ನೋಮ್ ಡೆಸ್ಕ್‌ಟಾಪ್‌ನದ್ದನ್ನೂ ಜೊತೆಗೆ ಎಬ್ಬಿಸಬೇಡಿ. ಇಡೀ ಎಕ್ಸ್‌ಎಫ್‌ಸಿಇ ಸೆಷನ್ ಓಡಿಸಿ ವಿಂಡೋ ಮ್ಯಾನೇಜರ್ ಮಾತ್ರ ಬದಲಿಸುವ ದಾರಿಯೂ ಚೆನ್ನಾಗಿದೆ, ಆದರೆ ಬೇಕಾದ ಎರಡೇ ಸೇವೆ ಇದ್ದಾಗ ನನಗೆ ಇದೇ ಹಿಡಿಸಿತು.